ರಜೆಗೆ ಬಂದ ಸಿಪಾಯಿ

ಸುರಪುರದ ಬೆಟ್ಟದ ಮಗ್ಗುಲಿನ ಓಣಿಯೊಂದರಲ್ಲಿ, 17 ವರ್ಷಗಳ ಸೇವೆಯನ್ನು ಸಲ್ಲಿಸಿ ಊರಿಗೆ ಮರಳಿದ ಹವಾಲ್ದಾರರೊಬ್ಬರು ವಾಸವಾಗಿದ್ದಾರೆ. ನಾನು ಅವರ ಮನೆಗೆ ಹೋದ ದಿನ ಸಂಜೆ ಅವರು ಮಂಚದ ಕೆಳಗಿನಿಂದ ಕಪ್ಪು ಬಣ್ಣದ ತಗಡಿನ ಟ್ರಂಕನ್ನು ಎಳೆದು, ಮಡಿಚಿಟ್ಟ ಉಣ್ಣೆಯ ಜರ್ಸಿಯನ್ನು ಪಕ್ಕಕ್ಕೆ ಸರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಚಿಕ್ಕ ಪುಸ್ತಕವೊಂದನ್ನು ಹೊರತೆಗೆದರು. ಅದು ಅವರ ಡಿಸ್ಚಾರ್ಜ್ ಬುಕ್. ಸೈನ್ಯದಿಂದ ಹೊರಬರುವ ಜವಾನನ ಇಡೀ ಸೇವೆಯ ಸಾರವನ್ನು ಕೆಲವೇ ಪುಟಗಳಲ್ಲಿ ಹಿಡಿದಿಟ್ಟ ಪುಸ್ತಕ. ಅದರ ಒಂದು ಪುಟದಲ್ಲಿ, ಅಕ್ಷರಗಳು ಮಾಸಿದ್ದರೂ ಓದಬರುವಂತೆ, ನಡತೆಯ ಕಾಲಮಿನ ಎದುರಿಗೆ ಒಂದೇ ಒಂದು ಮಾತಿತ್ತು: ‘ಎಕ್ಸೆಂಪ್ಲರಿ’. ಸೈನ್ಯವು ಮನುಷ್ಯನ ನಡತೆಗೆ ಇಡುವ ದರ್ಜೆಗಳಲ್ಲಿ ಇದು ಎಲ್ಲಕ್ಕಿಂತ ಮೇಲಿನದು. ಇದರ ಕೆಳಗೆ ದರ್ಜೆಗಳು ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತ ಹೋಗಿ ಕೊನೆಗೆ ‘ಬ್ಯಾಡ್’ ಎಂಬಲ್ಲಿಗೆ ಮುಟ್ಟುತ್ತವೆ.

ಬಾಗಿಲ ಬಳಿ ಅವರ ಅಕ್ಕನ ಮಗ ನಿಂತಿದ್ದನು. ಅಗ್ನಿವೀರನಾಗಿ ಸೇರಿ ಒಂದು ವರ್ಷವಷ್ಟೆ ಕಳೆದಿತ್ತು. ರಜೆಯ ಮೇಲೆ ಬಂದಿದ್ದನು. ಗೆಳೆಯರು ಮರುದಿನ ತಿಂಥಣಿಯ ಜಾತ್ರೆಗೆ ಕರೆದಿದ್ದರು. ಹವಾಲ್ದಾರರು ಪುಸ್ತಕವನ್ನು ಅವನ ಮುಖದೆದುರಿಗೆ ಹಿಡಿದು, ‘ಅಳ್ಯಾ, ಈ ಒಂದ್ ಮಾತಿನ ಸಲುವಾಗಿ ಹದಿನೇಳು ವರ್ಷ ಬೂಟ್ ಹಾಕೀನಿ. ನನ್ನ ಕಾಂಡಕ್ಟ್ ಶೀಟಿನಾಗ ಕೆಂಪು ಶಾಯಿ ಒಂದ್ ಹನಿ ಬಿದ್ದಿಲ್ಲ. ಜಾತ್ರಿಗಿ ಹೋಗು, ಮೋನಪ್ಪಯ್ಯಗ ಕಾಯಿ ಒಡಿಸು. ಆದ್ರ ಅಲ್ಲಿ ಯಾರರ ಚಿಲುಮಿ ಮುಂದ ಹಿಡದ್ರ ಕೈ ಮುಗದು ಎದ್ದು ಬಂದುಬಿಡು’ ಎಂದರು. ಹುಡುಗನು ತಲೆ ತಗ್ಗಿಸಿ ‘ಆಯ್ತು ಮಾಮಾ’ ಎಂದನು.

ಆ ಚಿಲುಮೆಯ ಒಂದು ದಮ್ಮಿಗೂ ಟ್ರಂಕಿನೊಳಗಿನ ಆ ಒಂದು ಮಾತಿಗೂ ಇರುವ ಸಂಬಂಧ ನಮ್ಮ ಹಳ್ಳಿಗಳ ಎಷ್ಟೋ ತಂದೆತಾಯಿಗಳಿಗೆ ತಿಳಿಯದು. ಸೈನ್ಯಕ್ಕೆ ಸೇರಬೇಕೆಂದು ನಸುಕಿನಲ್ಲಿ ಓಡುವ ಎಷ್ಟೋ ತರುಣರಿಗೂ ತಿಳಿಯದು. ತಿಳಿಯದೆ ನಡೆದ ತಪ್ಪಿಗೆ ಕೊಡಬೇಕಾದ ಬೆಲೆಯಾದರೋ ತಿಳಿದು ಮಾಡಿದ ತಪ್ಪಿನ ಬೆಲೆಗಿಂತ ಬಹಳವೇನೂ ಕಡಿಮೆಯಲ್ಲ. ಆದಕಾರಣ ಈ ವಿಷಯವನ್ನು ಬಿಡಿಸಿ ಹೇಳುವುದು ಅವಶ್ಯವೆಂದು ನನಗೆ ತೋರಿತು.

ಈ ನಾಡಿಗೆ ಆಯುಧದ ಪರಿಚಯ ಹೊಸದಲ್ಲ. ಸುರಪುರದ ಬೇಡ ನಾಯಕರು ವಾಗಣಗೇರಾ ಕೋಟೆಯಲ್ಲಿ ನಿಂತು 1705ರಲ್ಲಿ ವೃದ್ಧ ಔರಂಗಜೇಬನ ಮಹಾಸೈನ್ಯವನ್ನು ತಿಂಗಳುಗಟ್ಟಲೆ ತಡೆದರು. ಆ ಚಕ್ರವರ್ತಿ ತಾನೇ ಮುಂದೆ ನಿಂತು ನಡೆಸಿದ ಕಟ್ಟಕಡೆಯ ಮುತ್ತಿಗೆ ಅದೇ ಆಯಿತು. ಒಂದೂವರೆ ಶತಮಾನದ ತರುವಾಯ, 1858ರಲ್ಲಿ, ರಾಜಾ ವೆಂಕಟಪ್ಪ ನಾಯಕನು ಇಂಗ್ಲಿಷರಿಗೆ ಎದುರಾಗಿ ನಿಂತು ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನು. ಕೃಷ್ಣೆಯ ಆಚೆಗೆ ಲಿಂಗಸೂಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿದ್ದ ಕಾಲವೂ ಒಂದಿತ್ತು. ಇಂದು ಆ ಕೋಟೆಕೊತ್ತಲಗಳು ಪಾಳುಬಿದ್ದಿವೆಯಾದರೂ, ಯಾದಗಿರಿಯ ಮೈದಾನದಲ್ಲಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಇನ್ನೂ ಕತ್ತಲಲ್ಲಿ ಮುಳುಗಿರುವಾಗಲೇ ಡಾಂಬರು ರಸ್ತೆಯ ಮೇಲೆ, ಬರಿಗಾಲಿನಲ್ಲೋ ಹರಿದ ಕ್ಯಾನ್ವಾಸ್ ಬೂಟಿನಲ್ಲೋ ಓಡುವ ಹುಡುಗರನ್ನು ಕಂಡವರಿಗೆ ಆ ಪರಂಪರೆ ಅಳಿದಿಲ್ಲವೆಂದು ಅನ್ನಿಸದಿರದು. ಬೆಳಗಾವಿಯ ಸೈನ್ಯ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಸೇರಿದ ಈ ಜಿಲ್ಲೆಯ ಹುಡುಗನು, 1.6 ಕಿಲೋಮೀಟರ್ ದೂರವನ್ನು ಐದೂವರೆ ನಿಮಿಷದ ಆಸುಪಾಸಿನಲ್ಲಿ ಮುಗಿಸಲು ತನ್ನ ದೇಹವನ್ನು ಎರಡು ಮೂರು ವರ್ಷ ಹದಗೊಳಿಸುತ್ತಾನೆ. ಮಳೆಯನ್ನು ನಂಬಿದ ತೊಗರಿ, ಹತ್ತಿಗಳ ಹೊಲ. ಬೇಸಗೆ ಬಂದರೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವ ಕುಟುಂಬ. ಅಂತಹ ಮನೆಯಲ್ಲಿ ತಿಂಗಳು ತಿಂಗಳಿಗೆ ತಪ್ಪದೆ ಬರುವ ಸಂಬಳವೆಂದರೆ ಅದು ಒಬ್ಬನ ಉದ್ಯೋಗ ಮಾತ್ರವಲ್ಲ, ತಂಗಿಯ ಮದುವೆ, ತಂದೆಯ ಸಾಲ, ಮನೆಯ ಮಾಳಿಗೆ ಎಲ್ಲವೂ ಅದನ್ನೇ ಆತುಕೊಂಡಿರುತ್ತವೆ.

ಇನ್ನು ತಿಂಥಣಿಯ ವಿಚಾರ. ಸುರಪುರ ತಾಲೂಕಿನ ದಕ್ಷಿಣದ ಅಂಚಿನಲ್ಲಿ, ಕೃಷ್ಣಾ ನದಿಯ ದಡದ ಮೇಲಿರುವ ಮೌನೇಶ್ವರನ (ಊರವರ ಬಾಯಲ್ಲಿ ಮೋನಪ್ಪಯ್ಯನ) ಕ್ಷೇತ್ರವು ಹಿಂದೂಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವ ಪುಣ್ಯಸ್ಥಳ. ಅಲ್ಲಿಯ ವಾರ್ಷಿಕ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ವಾಡಿಕೆಯಿದೆಯೆಂಬುದು 2020ರಲ್ಲಿ ದೇಶದ ದೊಡ್ಡ ಪತ್ರಿಕೆಗಳಲ್ಲೆಲ್ಲ ವರದಿಯಾಯಿತು. ಅವಧೂತ, ಆರೂಢ ಪರಂಪರೆಗಳ ಕೆಲವು ಸಾಧಕರು ಅದನ್ನು ಧ್ಯಾನಕ್ಕೆ ಸಹಕಾರಿಯೆಂದು ಬಗೆದಿರುವುದುಂಟು. ಆ ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಊರಿನವರು ಅದನ್ನು ದುರ್ವ್ಯಸನವೆಂದು ಎಣಿಸುವುದಿಲ್ಲವೆಂಬುದನ್ನು ಹೇಳುವುದಷ್ಟೇ ನನ್ನ ಅಭಿಪ್ರಾಯ. ಅಜ್ಜನು ಸೇದಿದ್ದನ್ನು ಕಂಡು ಬೆಳೆದ ಮೊಮ್ಮಗನಿಗೆ ಅದರಲ್ಲಿ ಅಪರಾಧದ ವಾಸನೆ ಹತ್ತುವುದಾದರೂ ಹೇಗೆ? ಆದರೆ ಆ ಮೊಮ್ಮಗನು ಸಮವಸ್ತ್ರವನ್ನು ತೊಟ್ಟ ದಿನದಿಂದ ಬೇರೊಂದು ಧರ್ಮಕ್ಕೆ ಒಳಗಾದವನು. ಜವಾನನಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆಯೂ, ಅಗ್ನಿವೀರನಿಗೆ 30 ದಿನಗಳ ರಜೆಯೂ ಉಂಟು. ರಜೆಯ ಮೇಲೆ ಊರಿಗೆ ಬಂದವನು ಸಮವಸ್ತ್ರವನ್ನು ಗೂಟಕ್ಕೆ ತಗುಲಿಸಬಹುದು. ಆದರೆ 1950ರ ಸೈನ್ಯ ಅಧಿನಿಯಮವನ್ನು, ಎಂದರೆ ಆರ್ಮಿ ಆಕ್ಟನ್ನು, ಗೂಟಕ್ಕೆ ತಗುಲಿಸಲಾಗದು. ಅದು ಅವನ ಬೆನ್ನ ಹಿಂದೆಯೇ ತಿಂಥಣಿಯ ಸೇತುವೆಯವರೆಗೂ ಬರುತ್ತದೆ.

ನಾಡಿನ ಸಾಮಾನ್ಯ ಕಾನೂನಿನಲ್ಲಿ ಇಲ್ಲೊಂದು ಸೂಕ್ಷ್ಮವಿದೆ. 1985ರ ಮಾದಕದ್ರವ್ಯ ನಿಯಂತ್ರಣ ಕಾಯಿದೆಯು (ಊರಮಾತಿನಲ್ಲಿ ಎನ್‌ಡಿಪಿಎಸ್) ಗಾಂಜಾ ಎಂದು ಕರೆಯುವುದು ಆ ಗಿಡದ ಹೂವಿನ, ಕಾಯಿಯ ತುದಿಗಳನ್ನು. ತುದಿಯಿಲ್ಲದೆ ಬಿಡಿಯಾಗಿರುವ ಎಲೆಯನ್ನೂ ಬೀಜವನ್ನೂ ಅದು ಆ ಹೆಸರಿನಿಂದ ಹೊರಗಿಟ್ಟಿದೆ. ಎಲೆಯಿಂದ ಮಾಡಿದ ಭಂಗಿಯು ಆ ಕಾಯಿದೆಯ ಹಿಡಿತದಿಂದ ತಪ್ಪಿಸಿಕೊಂಡಿರುವುದು ಹೀಗೆ. ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೇ 2022ರಲ್ಲಿ ಭಂಗಿಯ ಮೊಕದ್ದಮೆಯೊಂದರಲ್ಲಿ ಈ ಭೇದವನ್ನು ಎತ್ತಿಹಿಡಿದು ಜಾಮೀನು ನೀಡಿತು. ಆದರೆ ಹೂವು ಬೇರೆ ಎಲೆ ಬೇರೆ ಎಂಬ ಈ ವಿವೇಕ ನ್ಯಾಯಾಲಯದ ಗ್ರಂಥದಲ್ಲಿದೆಯೇ ಹೊರತು ಮನುಷ್ಯನ ರಕ್ತದಲ್ಲಿಲ್ಲ. ಚಿಲುಮೆಯಲ್ಲಿ ಸೇದಿದರೂ ಲೋಟದಲ್ಲಿ ಕುಡಿದರೂ ಟಿಎಚ್‌ಸಿ ಎಂಬ ಅದೇ ಮಾದಕಾಂಶವು ದೇಹವನ್ನು ಸೇರುತ್ತದೆ. ಯಕೃತ್ತು ಅದನ್ನು ಅದೇ ರೀತಿಯಲ್ಲಿ ಒಡೆಯುತ್ತದೆ. ಒಡೆದು ಉಳಿದ ಅಂಶವು ಮೂತ್ರದಲ್ಲಿ ಅದೇ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಮದ್ಯಕ್ಕೂ ಗಾಂಜಾಕ್ಕೂ ಇರುವ ದೊಡ್ಡ ಅಂತರವೂ ಇಲ್ಲಿಯೇ ಇದೆ. ಮದ್ಯವು ನೀರಿನಲ್ಲಿ ಕರಗುವ ಪದಾರ್ಥ. ರಾತ್ರಿ ಕುಡಿದದ್ದು ಮರುದಿನದೊಳಗೆ ಬಹುಮಟ್ಟಿಗೆ ಇಳಿದುಹೋಗುತ್ತದೆ. ಗಾಂಜಾದ ಸತ್ವವು ಕೊಬ್ಬಿನಲ್ಲಿ ಕರಗತಕ್ಕದ್ದು. ಅದು ದೇಹದ ಕೊಬ್ಬಿನಲ್ಲಿ ಅಡಗಿ ಕುಳಿತು, ಸಾಲಗಾರನ ಬಡ್ಡಿಯಂತೆ, ದಿನಕ್ಕಿಷ್ಟಿಷ್ಟಾಗಿ ಹೊರಬರುತ್ತದೆ. ಒಮ್ಮೆ ಸೇದಿದವನಲ್ಲಿ ಕೆಲವು ದಿನ, ನಿತ್ಯ ಸೇದುವವನಲ್ಲಿ ಕೆಲವು ವಾರ, ಕೆಲವೊಮ್ಮೆ ಒಂದು ತಿಂಗಳಿಗೂ ಮೀರಿ ಅದರ ಕುರುಹು ಮೂತ್ರದಲ್ಲಿ ಉಳಿಯಬಹುದು. ಅಮಲು ಮೂರು ತಾಸಿನಲ್ಲಿ ಇಳಿಯಿತು, ಮುಖ ತೊಳೆದೆ, ಮಲಗಿ ಎದ್ದೆ, ಮುಗಿಯಿತು ಎಂದು ಹುಡುಗನು ನಂಬಿರುತ್ತಾನೆ. ಅವನ ದೇಹವು ಮಾತ್ರ ಆ ಜಾತ್ರೆಯನ್ನು ಇನ್ನೂ ಮರೆತಿರುವುದಿಲ್ಲ.

ಗಾಂಜಾವೊಂದೇ ಇಲ್ಲಿಯ ಗಂಡಾಂತರವಲ್ಲ. ಗುರುಮಠಕಲ್ಲಿನಿಂದ ಆಚೆಗೆ ತೆಲಂಗಾಣದ ಗಡಿ. ಅತ್ತಣಿಂದ ಇತ್ತ ಹರಿದುಬರುವ ಸೇಂದಿಯಲ್ಲಿ ‘ಸಿಎಚ್ ಪೌಡರ್’ ಬೆರೆತಿರುವುದು ರಾಯಚೂರು, ಯಾದಗಿರಿ ಸೀಮೆಗಳವರಿಗೆ ತಿಳಿಯದ ಸಂಗತಿಯಲ್ಲ. ಸಿಎಚ್ ಎಂದರೆ ಕ್ಲೋರಲ್ ಹೈಡ್ರೇಟ್, ನಿದ್ರೆ ಬರಿಸುವ ರಾಸಾಯನಿಕ. ಈಚಲ ಮರದ ಹಾಲು ಕುಡಿದೆನೆಂದು ಬಗೆದವನು ಕುಡಿದಿರುವುದು ಔಷಧಾಲಯದ ವಿಷವನ್ನು. ಬಿಟ್ಟರೆ ಕೈಕಾಲು ನಡುಗಿ, ಕಣ್ಣೆದುರು ಇಲ್ಲದ್ದು ಕಾಣುವಂತಾಗುವ ಈ ಚಟವು ಸಾಮಾನ್ಯ ಕುಡಿತಕ್ಕಿಂತ ಘೋರವಾದದ್ದು. ಓಟದ ಮುಂಚೆ ದಮ್ಮು ಹೆಚ್ಚಲೆಂದು ಯಾರೋ ಕೊಟ್ಟ ಸೂಜಿಯನ್ನು ಚುಚ್ಚಿಸಿಕೊಳ್ಳುವ ದುರ್ಬುದ್ಧಿಯೂ ಈ ಸಾಲಿಗೆ ಸೇರತಕ್ಕದ್ದು.

ಸೈನಿಕನ ಮೂತ್ರವನ್ನು ಪರೀಕ್ಷಿಸಿ ಅವನ ಭವಿಷ್ಯವನ್ನು ನಿರ್ಣಯಿಸುವ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ವಿಯೆಟ್ನಾಮಿನ ಯುದ್ಧದಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಸಿಪಾಯಿಗಳು ಹಾಗೆಯೇ ಊರಿಗೆ ಮರಳಕೂಡದೆಂದು ಅಧ್ಯಕ್ಷ ನಿಕ್ಸನ್ 1971ರಲ್ಲಿ ಪರೀಕ್ಷೆಯನ್ನು ಆರಂಭಿಸಿದನು. 1980ರ ಸಮೀಕ್ಷೆಯೊಂದರಲ್ಲಿ, ಹಿಂದಿನ ಒಂದು ತಿಂಗಳೊಳಗೆ ಮಾದಕದ್ರವ್ಯವನ್ನು ಸೇವಿಸಿದೆವೆಂದು ಒಪ್ಪಿಕೊಂಡ ಅಮೆರಿಕನ್ ಸೈನಿಕರು ನೂರಕ್ಕೆ 27 ಮಂದಿಗೂ ಮೀರಿ ಇದ್ದರು. ಮರುವರ್ಷ, 1981ರ ಮೇ 26ರ ರಾತ್ರಿ, ನಿಮಿಟ್ಜ್ ಎಂಬ ವಿಮಾನವಾಹಕ ಹಡಗಿನ ಮೇಲೆ ಇಳಿಯುತ್ತಿದ್ದ ವಿಮಾನವು ಅಪ್ಪಳಿಸಿ 14 ಮಂದಿ ಸತ್ತರು. ಶವಪರೀಕ್ಷೆಯಲ್ಲಿ ಸತ್ತವರ ಪೈಕಿ ಕೆಲವರ ದೇಹದಲ್ಲಿ ಗಾಂಜಾದ ಕುರುಹು ಕಂಡಿತು. ಅಪಘಾತಕ್ಕೆ ಅದೇ ಕಾರಣವೆಂದೇನೂ ಸ್ಥಾಪಿತವಾಗಲಿಲ್ಲ. ಆದರೂ ಆ ಒಂದು ಸಂಗತಿ ಇಡೀ ನೌಕಾಬಲದ ಮನಸ್ಸನ್ನು ಕಲಕಿತು. ಅಂದಿನಿಂದ ಅಲ್ಲಿ ಯಾರನ್ನು ಯಾವ ದಿನ ಕರೆದಾರೆಂಬುದು ತಿಳಿಯದಂತೆ ಪರೀಕ್ಷೆ ನಡೆಯುತ್ತದೆ. ಗಾಂಜಾದ ಮಟ್ಟಿಗೆ ಮೊದಲ ಪರೀಕ್ಷೆಯ ಗೆರೆ ಒಂದು ಮಿಲಿಲೀಟರಿಗೆ 50 ನ್ಯಾನೋಗ್ರಾಂ. ಅದನ್ನು ಮೀರಿದ ಮಾದರಿಯನ್ನು ಇನ್ನೂ ಸೂಕ್ಷ್ಮವಾದ ಯಂತ್ರದಲ್ಲಿ ಮತ್ತೆ ನೋಡಿ, 15 ನ್ಯಾನೋಗ್ರಾಂ ದಾಟಿದರೆ ಮಾತ್ರ ಸೇವನೆ ಸಿದ್ಧವಾಯಿತೆಂದು ಬಗೆಯುತ್ತಾರೆ. ‘ನಾನು ಸೇದಲಿಲ್ಲ, ಸೇದುವವರ ಪಕ್ಕದಲ್ಲಿ ಕುಳಿತಿದ್ದೆ’ ಎಂಬ ಸಮಜಾಯಿಷಿಯು ಸಾಧಾರಣವಾಗಿ ಈ ಗೆರೆಯ ಮುಂದೆ ನಿಲ್ಲುವುದಿಲ್ಲ. ಅಲ್ಲಿಯ ಸೈನಿಕ ನ್ಯಾಯಸಂಹಿತೆಯ 112-ಎ ವಿಧಿಯಂತೆ ಸೇವನೆಯೇ ಅಪರಾಧ. ಅಮಲಿನಲ್ಲಿದ್ದನೋ ಇಲ್ಲವೋ ಎಂಬ ಪ್ರಶ್ನೆ ಏಳುವುದೇ ಇಲ್ಲ. ಶತಮಾನ ಮುಗಿಯುವ ಹೊತ್ತಿಗೆ ಆ 27ರ ಅಂಕಿ ಮೂರರ ಆಸುಪಾಸಿಗೆ ಇಳಿದಿತ್ತು.

ನಮ್ಮ ದೇಶದ ದಾರಿ ಬೇರೆ. ಸಿಪಾಯಿಯೂ ಗಾಂಜಾವೂ ಎಂಬ ವಿಷಯ ನಮಗೆ ಹೊಸದೂ ಅಲ್ಲ. 1893ರಲ್ಲಿ ನೇಮಕವಾದ ಭಾರತೀಯ ಗಾಂಜಾ ಆಯೋಗವು ದೇಶೀ ಪಲ್ಟಣಗಳ ಅಧಿಕಾರಿಗಳಿಗೆ ಪ್ರತ್ಯೇಕವಾಗಿ ಪ್ರಶ್ನೆಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು ಒಂದು ಸಂಪುಟವಾಗಿಯೇ ಅಚ್ಚು ಹಾಕಿಸಿತ್ತು. ಇಂದು ಜಾರಿಯಲ್ಲಿರುವ ಆರ್ಮಿ ಆಕ್ಟಿನ 48ನೆಯ ಕಲಮು ಮೂತ್ರದ ಅಂಕಿಯನ್ನು ಹೆಸರಿಸುವುದಿಲ್ಲ. ‘ಅಮಲಿನ ಸ್ಥಿತಿಯಲ್ಲಿ ಕಂಡುಬಂದವನು’ ಎನ್ನುತ್ತದೆ. ಕರ್ತವ್ಯದ ಮೇಲಿರಲಿ ಇಲ್ಲದಿರಲಿ ಅದು ಅಪರಾಧವೇ. ಅಮಲೆಂದರೆ ಮದ್ಯದ್ದು ಮಾತ್ರವೆಂದು ಯಾರೂ ಭ್ರಮಿಸಬೇಕಾಗಿಲ್ಲ. 1957ರ ನೌಕಾ ಅಧಿನಿಯಮವು ಇದನ್ನು ಬಿಡಿಸಿ ಹೇಳುತ್ತ, ಮದ್ಯದಿಂದಾಗಲಿ ಬೇರಾವ ಮಾದಕ ಪದಾರ್ಥದಿಂದಾಗಲಿ ಕರ್ತವ್ಯವನ್ನು ವಹಿಸಿಕೊಡಲು ಅಯೋಗ್ಯನಾದವನನ್ನು ಒಂದೇ ತಕ್ಕಡಿಯಲ್ಲಿ ತೂಗಿದೆ. ಅಧಿಕಾರಿಯಾದವನು ತಪ್ಪಿತಸ್ಥನಾದರೆ ಅಪಮಾನದೊಡನೆ ಪದವಿಯಿಂದ ಹೊರದೂಡಲ್ಪಡಬಹುದು. ಜವಾನನಿಗೆ ಎರಡು ವರ್ಷಗಳವರೆಗೆ ಸೆರೆವಾಸವಾಗಬಹುದು. ಯುದ್ಧಸೇವೆಯಲ್ಲಿಯೂ ಕರ್ತವ್ಯದಲ್ಲಿಯೂ ಇಲ್ಲದಾಗ ನಡೆದ ತಪ್ಪಾದರೆ ಆ ಅವಧಿ ಆರು ತಿಂಗಳನ್ನು ಮೀರಕೂಡದು. ಆದರೆ ಪಹರೆಯ ಮೇಲೆ ನಿಂತವನು ಅಮಲಿನಲ್ಲಿದ್ದರೆ ಅದು 36ನೆಯ ಕಲಮಿಗೆ ಹೋಗುತ್ತದೆ. ಅಲ್ಲಿ ಸಾಮಾನ್ಯ ಕಾಲದಲ್ಲಿ 7 ವರ್ಷ, ಯುದ್ಧಸೇವೆಯಲ್ಲಿ 14 ವರ್ಷ. ಹಿಮದ ನಡುವಿನ ಠಾಣೆಯೊಂದರಲ್ಲಿ ಹತ್ತು ಮಂದಿ ಮಲಗಿರುವಾಗ ಎಚ್ಚರವಿರಬೇಕಾದ ಒಬ್ಬನ ಕಣ್ಣುಗಳನ್ನು ನೆನೆದರೆ ಈ ಕಠೋರತೆಯ ಮೂಲ ತಿಳಿಯದಿರದು. ಸೇವನೆಯನ್ನು ಸಾಮಾನ್ಯ ಕಾಯಿದೆಯೂ ಹಿಡಿಯುತ್ತದೆ. ಎನ್‌ಡಿಪಿಎಸ್ ಕಾಯಿದೆಯ 27ನೆಯ ಕಲಮಿನಂತೆ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸೆರೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆರಾಯಿನ್, ಕೊಕೇನ್‌ಗಳಿಗೆ ಈ ಮಿತಿಗಳು ಒಂದು ವರ್ಷ ಮತ್ತು 20,000 ರೂಪಾಯಿ. ಇಂತಹ ನಾಗರಿಕ ಅಪರಾಧವನ್ನು ಸೈನಿಕ ನ್ಯಾಯಾಲಯವೇ ವಿಚಾರಿಸಲು ಆರ್ಮಿ ಆಕ್ಟಿನ 69ನೆಯ ಕಲಮು ಅವಕಾಶ ಕೊಟ್ಟಿದೆ.

ಕಲಮುಗಳ ಭಾಷೆಯಲ್ಲಿ ಇದು ಇಷ್ಟೇ. ಪಲ್ಟಣದೊಳಗೆ ಅದು ನಡೆಯುವ ಬಗೆಯನ್ನು ಹವಾಲ್ದಾರರು ವರ್ಣಿಸಿದರು. ಸಂಶಯ ಬಂದವನನ್ನು ಮೊದಲು ವೈದ್ಯಾಧಿಕಾರಿಯ ಮುಂದೆ ನಿಲ್ಲಿಸುತ್ತಾರೆ. ನಡಿಗೆ, ನಾಲಗೆ, ಕಣ್ಣಿನ ಪಾಪೆ, ಉಸಿರು ಎಲ್ಲವನ್ನೂ ನೋಡಿ ಅವರು ಬರೆದ ಚೀಟಿಯೇ ಮುಖ್ಯ ಸಾಕ್ಷ್ಯ. ಆಮೇಲೆ ‘ಪೇಶಿ’. ಟೋಪಿಯನ್ನೂ ನಡುಪಟ್ಟಿಯನ್ನೂ ತೆಗೆಸಿ, ಇಬ್ಬರ ನಡುವೆ ನಡೆಸಿ, ಸಿಒ ಸಾಹೇಬರ, ಎಂದರೆ ಕಮಾಂಡಿಂಗ್ ಆಫೀಸರರ, ಮೇಜಿನ ಮುಂದೆ ತಂದು ನಿಲ್ಲಿಸಿ, ದೋಷಾರೋಪವನ್ನು ಓದಿಹೇಳುತ್ತಾರೆ. ‘ಆ ನಡುಪಟ್ಟಿ ಬಿಚ್ಚಿದ ಗಳಿಗಿ ಅದಲ್ಲ, ಅದರಕಿಂತ ದೊಡ್ಡ ಶಿಕ್ಷಾ ಇಲ್ಲ’ ಎಂದು ಹವಾಲ್ದಾರರು ತಮ್ಮ ಸೊಂಟವನ್ನು ಮುಟ್ಟಿಕೊಂಡರು. ಅವರೇ ಎಂದೂ ಆ ಮೇಜಿನ ಮುಂದೆ ನಿಂತವರಲ್ಲ. ಬೇರೆಯವರನ್ನು ನಡೆಸಿಕೊಂಡು ಹೋದವರು. ಆದರೂ ಅವರ ಧ್ವನಿ ಇಳಿದಿತ್ತು.

ಚಿಕ್ಕ ತಪ್ಪಾದರೆ ಸಿಒ ಸಾಹೇಬರೇ 80ನೆಯ ಕಲಮಿನಂತೆ 28 ದಿನಗಳವರೆಗೆ ಸೈನಿಕ ಬಂಧನವನ್ನೋ, ಹೆಚ್ಚಿನ ಪಹರೆಯನ್ನೋ, 14 ದಿನಗಳ ಸಂಬಳದವರೆಗೆ ದಂಡವನ್ನೋ ವಿಧಿಸಬಹುದು. ದೊಡ್ಡ ಶಿಕ್ಷೆಯಾದರೆ ಅದು ನಡತೆಯ ಹಾಳೆಯಲ್ಲಿ ಕೆಂಪು ಶಾಯಿಯಿಂದ ದಾಖಲಾಗುತ್ತದೆ. ಈ ‘ರೆಡ್ ಇಂಕ್ ಎಂಟ್ರಿ’ಗಳು ನಾಲ್ಕಾದವೆಂದರೆ ಸೈನ್ಯಕ್ಕೆ ಬೇಡವಾದವನೆಂದು ಬಿಡುಗಡೆ ಮಾಡುವ ಪ್ರಕ್ರಿಯೆಗೆ ದಾರಿಯಾಗುತ್ತದೆ. ತಪ್ಪು ಇನ್ನೂ ದೊಡ್ಡದಾದರೆ ಪಲ್ಟಣದಲ್ಲಿಯೇ ಸಮರಿ ಕೋರ್ಟ್ ಮಾರ್ಷಲ್ ಕೂರುತ್ತದೆ. ಅದು ಒಂದು ವರ್ಷದವರೆಗೆ ಸೆರೆವಾಸವನ್ನೂ ಅದರೊಡನೆ ವಜಾ ಶಿಕ್ಷೆಯನ್ನೂ ಕೊಡಬಲ್ಲದು.

ಸೆರೆವಾಸಕ್ಕೆ ಒಂದು ಕೊನೆಯಿದೆ. ವಜಾ ಎಂಬುದಕ್ಕೆ ಕೊನೆಯಿಲ್ಲ. ಜವಾನನಿಗೆ ಪಿಂಚಣಿ ದೊರೆಯಬೇಕಾದರೆ 15 ವರ್ಷಗಳ ಸೇವೆ ಪೂರ್ಣವಾಗಿರಬೇಕು. 14 ವರ್ಷ ದುಡಿದು 15ನೆಯದರ ಅಂಚಿನಲ್ಲಿ ಜಾರಿದವನಿಗೆ ಆ ಹದಿನಾಲ್ಕೂ ಲೆಕ್ಕಕ್ಕಿಲ್ಲದಂತಾಗುತ್ತವೆ; 15 ದಾಟಿದವನಾದರೂ ಆರ್ಮಿ ಆಕ್ಟಿನಂತೆ ವಜಾ ಆದನೆಂದರೆ, ಪಿಂಚಣಿಯ ನಿಯಮಗಳಂತೆ ಹಿಂದಿನ ಸಮಸ್ತ ಸೇವೆಯ ಪಿಂಚಣಿ, ಗ್ರಾಚ್ಯುಯಿಟಿಗಳಿಗೆ ಅನರ್ಹನಾಗುತ್ತಾನೆ; ಅಸಾಧಾರಣ ಸಂದರ್ಭಗಳಲ್ಲಿ ಸರಕಾರ ಕನಿಕರ ತೋರಿದರೆ ತೋರೀತು, ಅಷ್ಟೇ. ದುರ್ನಡತೆಗಾಗಿ ಹೊರಬಿದ್ದವನು ‘ಮಾಜಿ ಸೈನಿಕ’ ಎಂಬ ಹೆಸರಿಗೂ ಬಾಧ್ಯನಲ್ಲ; ಆ ಹೆಸರಿನೊಡನೆ ಇಸಿಎಚ್‌ಎಸ್ ವೈದ್ಯಕೀಯ ಸೌಲಭ್ಯವೂ, ಕ್ಯಾಂಟೀನಿನ ಕಾರ್ಡೂ, ಕರ್ನಾಟಕ ಸರಕಾರದ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆಂದು ಮೀಸಲಾದ ನೂರಕ್ಕೆ 10 ಹುದ್ದೆಗಳ ಬಾಗಿಲೂ ಹೋಗುತ್ತವೆ. ಚಟದಿಂದಲೇ ದೇಹ ಕೆಟ್ಟಿದ್ದರೆ ಅಂಗವೈಕಲ್ಯದ ಪಿಂಚಣಿಯೂ ಇಲ್ಲ. ಮದ್ಯ, ತಂಬಾಕು, ಮಾದಕದ್ರವ್ಯಗಳ ಅತಿಸೇವನೆ ಮನುಷ್ಯನ ಸ್ವಾಧೀನದಲ್ಲಿರತಕ್ಕದ್ದೆಂದು ನಿಯಮವು ಅದನ್ನು ಹೊರಗಿಟ್ಟಿದೆ.

ಅಗ್ನಿವೀರನ ಸ್ಥಿತಿ ಇನ್ನಷ್ಟು ಸೂಕ್ಷ್ಮವಾದದ್ದು. 2022ರ ಜೂನಿನಲ್ಲಿ ಪ್ರಕಟವಾದ ಅಗ್ನಿವೀರರ ಯೋಜನೆಯಂತೆ ನಾಲ್ಕು ವರ್ಷ ಪೂರೈಸಿದವನಿಗೆ ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿ. ಕಾಯಂ ಆಗಿ ಉಳಿಯುವವರು ನೂರಕ್ಕೆ 25 ಮಂದಿಯವರೆಗೆ ಮಾತ್ರ. ನಾಲ್ವರಲ್ಲಿ ಒಬ್ಬನನ್ನು ಆರಿಸುವ ತಕ್ಕಡಿಯಲ್ಲಿ ಒಂದು ಕೆಂಪು ಗೆರೆಯ ಭಾರವೆಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಸೈನ್ಯಕ್ಕೆ ಸೇರುವ ಮುನ್ನವೇ ಗಾಂಜಾದ ಮೊಕದ್ದಮೆಯಲ್ಲಿ ಸಿಲುಕಿದ ಹುಡುಗನಂತೂ ಪೊಲೀಸ್ ಪರಿಶೀಲನೆಯ ಹೊಸ್ತಿಲಲ್ಲಿಯೇ ಎಡವುತ್ತಾನೆ. ಅದನ್ನು ಮುಚ್ಚಿಟ್ಟು ಸೇರಿದನೆಂದರೆ ಸುಳ್ಳು ಉತ್ತರ ಕೊಟ್ಟದ್ದಕ್ಕಾಗಿಯೇ 44ನೆಯ ಕಲಮಿನಂತೆ ಐದು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಹತ್ತಿಯ, ತೊಗರಿಯ ಸಾಲುಗಳ ನಡುವೆ ಗಾಂಜಾ ಗಿಡ ಬೆಳೆಸಿ ಪೊಲೀಸರ ಕೈಗೆ ಸಿಕ್ಕ ಸುದ್ದಿಯನ್ನು ಈ ಕಡೆಯ ಪತ್ರಿಕೆಗಳಲ್ಲಿ ಓದುವಾಗಲೆಲ್ಲ, ಆ ಹೊಲದ ಒಡೆಯನಿಗೆ ಹತ್ತು ವರ್ಷಗಳವರೆಗೆ ಆಗಬಹುದಾದ ಸೆರೆಗಿಂತ, ಆ ಮನೆಯಲ್ಲಿ ನಸುಕಿಗೆದ್ದು ಓಡುತ್ತಿರಬಹುದಾದ ಮಗನ ವಿಚಾರವೇ ನನ್ನನ್ನು ಹೆಚ್ಚಾಗಿ ನೋಯಿಸುತ್ತದೆ.

ಇಷ್ಟು ಕಠೋರವಾದ ಈ ವ್ಯವಸ್ಥೆಯು ಕುರುಡಾದದ್ದೆಂದು ಹೇಳಿದರೆ ತಪ್ಪಾಗುತ್ತದೆ. ಊಟ ಮಾಡಲು ಒಲ್ಲೆನೆಂದದ್ದಕ್ಕಾಗಿ ಸಿಗ್ನಲ್ ದಳದ ಸಿಪಾಯಿಯೊಬ್ಬನಿಗೆ ಒಂದು ವರ್ಷ ಸೆರೆಯನ್ನೂ ವಜಾ ಶಿಕ್ಷೆಯನ್ನೂ ವಿಧಿಸಿದ್ದ ಕೋರ್ಟ್ ಮಾರ್ಷಲಿನ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ರದ್ದುಪಡಿಸಿ, ಶಿಕ್ಷೆಯು ಅಪರಾಧಕ್ಕೆ ತಕ್ಕುದಾಗಿರಬೇಕೆಂಬ ತತ್ತ್ವವು ಸೈನ್ಯಕ್ಕೂ ಸಲ್ಲುವುದೆಂದು ಸಾರಿತು. ನಾಲ್ಕು ಕೆಂಪು ಗೆರೆಗಳಾದ ಮಾತ್ರಕ್ಕೆ ಯಾಂತ್ರಿಕವಾಗಿ ಮನೆಗೆ ಕಳುಹಿಸಕೂಡದು. ವಿಚಾರಣೆ ನಡೆಯಬೇಕು, ಸಿಪಾಯಿಯ ಒಟ್ಟು ಸೇವೆ ಎಷ್ಟು, ಎಂತಹ ಕಠಿಣ ಸ್ಥಳಗಳಲ್ಲಿ ದುಡಿದನು, ಪಿಂಚಣಿಗೆ ಎಷ್ಟು ಸಮೀಪವಿದ್ದಾನೆ ಎಂಬುದನ್ನೆಲ್ಲ ನೋಡಬೇಕು ಎಂದು ಅದೇ ನ್ಯಾಯಾಲಯ 2015ರಲ್ಲಿ ವಿಧಿಸಿತು. ಮೇಲ್ಮನವಿಗೆ 2007ರ ಕಾಯಿದೆಯಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಿದೆ. ಕರ್ನಾಟಕದವರು ಹೋಗಬೇಕಾದ ಪೀಠ ಕೊಚ್ಚಿಯಲ್ಲಿದೆ. ಶಹಾಪುರದ ರೈತನೊಬ್ಬನು ಮಗನ ಕಾಗದಪತ್ರಗಳನ್ನು ಚೀಲದಲ್ಲಿಟ್ಟುಕೊಂಡು, ಭಾಷೆ ತಿಳಿಯದ ಊರಿನಲ್ಲಿ ವಕೀಲರ ಮನೆ ಹುಡುಕಬೇಕಾದ ಈ ದಾರಿ ಇದ್ದೂ ದೂರವಾದದ್ದು. ಈ ದೂರವನ್ನು ಕಡಿಮೆ ಮಾಡುವುದು ಸರಕಾರದ ಕರ್ತವ್ಯವೆಂದು ನಾನು ದೃಢವಾಗಿ ನಂಬಿದ್ದೇನೆ.

ಆದರೆ ನ್ಯಾಯಮಂಡಳಿಗಿಂತ ಬಹಳ ಮೊದಲೇ, ಬಹಳ ಹತ್ತಿರದಲ್ಲಿ, ಒಂದು ಬಾಗಿಲುಂಟು. ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರಿಸಿದ್ದೂ ಅದೇ. ಚಟವು ಹಿಡಿದುಬಿಟ್ಟಿದೆಯೆಂದು ಒಳಗೊಳಗೇ ಬಲ್ಲ ಸಿಪಾಯಿಯು, ಸಿಕ್ಕಿಬೀಳುವ ಮೊದಲೇ, ತಾನಾಗಿ ಪಲ್ಟಣದ ವೈದ್ಯಾಧಿಕಾರಿಯ ಬಳಿಗೆ ಹೋದರೆ ಅವನು ಮೊದಲಿಗೆ ರೋಗಿ. ಸೈನಿಕ ಆಸ್ಪತ್ರೆಯ ಮನೋವೈದ್ಯರು ಅವನನ್ನು ಒಳರೋಗಿಯಾಗಿ ನೋಡಿಕೊಳ್ಳುತ್ತಾರೆ. ಸೈನ್ಯವು ಆರೋಗ್ಯವನ್ನು ಅಳೆಯುವ ‘ಶೇಪ್’ ಎಂಬ ಐದಕ್ಷರದ ಮಾನದಲ್ಲಿ ಮನಸ್ಸಿಗೆ ಸಂಬಂಧಿಸಿದ ಮೊದಲಕ್ಷರದ ದರ್ಜೆಯನ್ನು ಇಳಿಸಿ, 24 ವಾರಗಳ ಅವಧಿಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಬಡ್ತಿ ತಡವಾದೀತು, ಕೈಯಲ್ಲಿ ಬಂದೂಕು ಕೊಡದಿದ್ದಾರು. ಆದರೆ ನಡುಪಟ್ಟಿ ನಡುವಿನಲ್ಲಿಯೇ ಉಳಿದೀತು. ಸಾಮಾನ್ಯ ಕಾಯಿದೆಯಲ್ಲಿಯೂ ಇದಕ್ಕೆ ಆಧಾರವಿದೆ: ಅಲ್ಪಪ್ರಮಾಣದ, ಇಲ್ಲವೆ ಸೇವನೆಯ ಅಪರಾಧಕ್ಕೆ ಸಿಲುಕಿದ ವ್ಯಸನಿಯು ಸ್ವಇಚ್ಛೆಯಿಂದ ಸರಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಎನ್‌ಡಿಪಿಎಸ್ ಕಾಯಿದೆಯ 64-ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಊರಿನಲ್ಲಿರುವ ತರುಣರಿಗೆ 14446 ಎಂಬ ಉಚಿತ ದೂರವಾಣಿಯೂ, ಬೆಂಗಳೂರಿನ ನಿಮ್ಹಾನ್ಸಿನ ವ್ಯಸನಮುಕ್ತಿ ವಿಭಾಗವೂ ಇವೆ. ‘ನನಗೆ ಬಿಡಲಾಗುತ್ತಿಲ್ಲ ಸಾಹೇಬ್’ ಎಂದು ಹೇಳಲು ಬೇಕಾಗುವ ಧೈರ್ಯ ಗುಂಡಿನೆದುರು ನಿಲ್ಲುವ ಧೈರ್ಯಕ್ಕಿಂತ ಕಡಿಮೆಯದೆಂದು ನಾನು ಭಾವಿಸುವುದಿಲ್ಲ. ನಮ್ಮ ಹುಡುಗರಿಗೆ ಓಡುವುದನ್ನೂ ಹಗ್ಗ ಏರುವುದನ್ನೂ ಕಲಿಸುವವರು ಈ ಒಂದು ವಾಕ್ಯವನ್ನು ಹೇಳುವುದನ್ನೂ ಕಲಿಸಬೇಕು.

ಹತ್ತು ಹನ್ನೆರಡು ದಿನಗಳ ತರುವಾಯ ಹವಾಲ್ದಾರರೊಡನೆ ನಾನೂ ಯಾದಗಿರಿಯ ರೈಲು ನಿಲ್ದಾಣಕ್ಕೆ ಹೋಗಿದ್ದೆನು. ಮುಂಬಯಿ–ಚೆನ್ನೈ ಮಾರ್ಗದ ಈ ನಿಲ್ದಾಣದಿಂದಲೇ ಸುರಪುರ, ಶಹಾಪುರಗಳ ಹುಡುಗರು ತಮ್ಮ ಪಲ್ಟಣಗಳಿಗೆ ಹೊರಡುವುದು. ಹುಡುಗನು ಕೂದಲನ್ನು ಚಿಕ್ಕದಾಗಿ ಕತ್ತರಿಸಿಕೊಂಡು, ಹಸಿರು ಚೀಲವನ್ನು ಬೆನ್ನಿಗೇರಿಸಿ ನಿಂತಿದ್ದನು. ರಜೆಯ ನಡುವೆ ಅವನಿಗೆ ಕೆಮ್ಮು ಬಂದಿತ್ತು. ಕೆಲವು ಕೆಮ್ಮಿನ ಔಷಧಗಳಲ್ಲಿ ಅಫೀಮಿನ ವರ್ಗದ ಕೋಡೀನ್ ಇರುವುದರಿಂದ, ವೈದ್ಯರ ಚೀಟಿಯನ್ನು ಎಸೆಯದೆ ರಜೆಯ ಕಾಗದದೊಡನೆ ಇಟ್ಟುಕೊಳ್ಳಬೇಕೆಂದು ಮಾವ ಹೇಳಿದ್ದರು. ಅದು ಜೇಬಿನಲ್ಲಿದೆಯೆಂದು ಅವನು ಮುಟ್ಟಿ ತೋರಿಸಿದನು. ತಾಯಿಯು ಬುತ್ತಿಯ ಗಂಟನ್ನು ಬಿಚ್ಚಿ ಮತ್ತೊಮ್ಮೆ ಎಣಿಸುತ್ತಿದ್ದಳು: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಸ್ಟೀಲಿನ ಡಬ್ಬಿಯ ತುಂಬ ಅಂಟಿನ ಉಂಡೆ.

ಅಫೀಮಿನ ಗಿಡದ ಬೀಜವೇ ನಮ್ಮ ಗಸಗಸೆಯೆಂಬುದೂ, ಬೀಜಕ್ಕೆ ಅಂಟಿಕೊಂಡ ಅಲ್ಪಸ್ವಲ್ಪ ಕೋಡೀನ್ ಮೂತ್ರದ ಪರೀಕ್ಷೆಯಲ್ಲಿ ಕಾಣಿಸಬಹುದೆಂದು ಅಮೆರಿಕದ ರಕ್ಷಣಾ ಇಲಾಖೆಯು 2023ರಲ್ಲಿ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿರೆಂದು ಸೂಚಿಸಿತೆಂಬುದೂ ಹವಾಲ್ದಾರರಿಗೆ ನಾನೇ ಹೇಳಿದ ಸಂಗತಿಗಳು. ಒಂದೆರಡು ಉಂಡೆಗಳ ವಿಚಾರದಲ್ಲಿ ಇಷ್ಟು ಚಿಂತೆ ಬೇಡವೆಂದೂ ಹೇಳಿದ್ದೆನು. ಅವರು ಆ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

‘ಅಕ್ಕಾ, ಉಂಡಿಗಿ ಕಸಕಸಿ ಹಾಕೀಯೇನ?’

‘ಇಲ್ಲೋ ತಮ್ಮಾ. ನೀ ಹೇಳಿದ್ದ್ಯಲ್ಲ, ಈ ಸಲ ಬರೇ ಕೊಬ್ಬರಿ, ಉತ್ತತ್ತಿ, ಅಂಟು. ರುಚಿ ಸ್ವಲ್ಪ ಕಡಿಮಿ ಅದ.’

ರೈಲು ಭೀಮೆಯ ಕಡೆಯಿಂದ ಸದ್ದು ಮಾಡುತ್ತ ಬಂದು ನಿಂತಿತು. ಹುಡುಗನು ಡಬ್ಬಿಯನ್ನು ಚೀಲದ ಮೇಲ್ಭಾಗದಲ್ಲಿಟ್ಟುಕೊಂಡು, ಇಬ್ಬರ ಕಾಲಿಗೂ ನಮಸ್ಕರಿಸಿ, ಬೋಗಿಯನ್ನೇರಿದನು.